ದಾಸ್ತೊಯೆವ್‌ಸ್ಕಿಯ ಕಾದಂಬರಿಗಳಲ್ಲಿ ಧರ್ಮಶ್ರದ್ಧೆ

ಕಾದಂಬರಿಕಾರನು ದೈವಭಕ್ತನಾಗಿದ್ದರೆ ಆ ಭಕ್ತಿಯಿಂದ ಅವನ ಕೃತಿಗೆ ಲಾಭವೋ ನಷ್ಟವೋ ಎಂಬುದು ಸಾಹಿತ್ಯಾಭಿರುಚಿಯುಳ್ಳವರ ನಡುವೆ ಆಗಾಗ ಏಳುವ ಚರ್ಚೆ. ಲಾಭವೆನ್ನುವವರು ನಮ್ಮ ಪಂಪ, ರನ್ನ, ಹರಿಹರ, ಕುಮಾರವ್ಯಾಸರನ್ನು ಮುಂದಿಡುತ್ತಾರೆ. ಶ್ರದ್ಧೆಯಿಲ್ಲದಿದ್ದರೆ ಇವರ ಕಾವ್ಯಗಳು ಎಲ್ಲಿ ಹುಟ್ಟುತ್ತಿದ್ದವು ಎಂದು ಕೇಳುತ್ತಾರೆ. ನಷ್ಟವೆನ್ನುವವರು, ಕಾವ್ಯದ ಮಾತು ಬೇರೆ, ಕಾದಂಬರಿಯ ಮಾತು ಬೇರೆ ಎನ್ನುತ್ತಾರೆ. ಕಾದಂಬರಿಯಲ್ಲಿ ನಾನಾ ಬಗೆಯ ಜನರು ಬರಬೇಕು. ಅವರವರ ಮಾತನ್ನು ಅವರವರೇ ಆಡಬೇಕು. ಗ್ರಂಥಕರ್ತನು ಮೊದಲೇ ಒಂದು ಮತಕ್ಕೆ ಕಟ್ಟುಬಿದ್ದಿದ್ದರೆ ಉಳಿದವರ ಮಾತು ಅವನ ಕೈಯಲ್ಲಿ ಬಡವಾಗುತ್ತದೆ. ನಾಸ್ತಿಕನು ದುಷ್ಟನಾಗಿಯೂ ಆಸ್ತಿಕನು ಸಾಧುವಾಗಿಯೂ ಚಿತ್ರಿತರಾಗಿ, ಕಥೆಯೆಂಬುದು ಬರಿಯ ಉಪದೇಶವಾಗಿಬಿಡುತ್ತದೆ ಎಂಬುದು ಅವರ ಆಕ್ಷೇಪಣೆ.

ಈ ಆಕ್ಷೇಪಣೆಯನ್ನು ಎದುರಿಗಿಟ್ಟುಕೊಂಡು ಪರೀಕ್ಷಿಸತಕ್ಕ ಕೃತಿಗಳೆಂದರೆ ರಷ್ಯಾ ದೇಶದ ಫ್ಯೋದರ್ ದಾಸ್ತೊಯೆವ್‌ಸ್ಕಿಯ ಕಾದಂಬರಿಗಳು. 1821ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿ 1881ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ತೀರಿಕೊಂಡ ಈತನು ರಷ್ಯಾದ ಸನಾತನ ಕ್ರೈಸ್ತಸಂಪ್ರದಾಯದಲ್ಲಿ ನಂಬಿಕೆಯಿಟ್ಟವನು. ಆ ನಂಬಿಕೆಯನ್ನು ಮುಚ್ಚಿಟ್ಟವನೂ ಅಲ್ಲ. ಆದರೆ ಆಶ್ಚರ್ಯವೇನೆಂದರೆ, ದೇವರ ನ್ಯಾಯವನ್ನು ಪ್ರಶ್ನಿಸುವ ಅತ್ಯಂತ ಪ್ರಬಲವಾದ ಮಾತುಗಳು ಆಧುನಿಕ ಸಾಹಿತ್ಯದಲ್ಲಿ ಎಲ್ಲಿವೆಯೆಂದು ಕೇಳಿದರೆ, ಬಲ್ಲವರು ಈ ಭಕ್ತನ ಪುಸ್ತಕಗಳನ್ನೇ ತೋರಿಸುತ್ತಾರೆ. ನಾಸ್ತಿಕರು ತಮ್ಮ ವಾದಕ್ಕೆ ಆಧಾರವನ್ನು ಈತನಿಂದ ತೆಗೆದುಕೊಳ್ಳುತ್ತಾರೆ. ಆಸ್ತಿಕರೂ ಈತನಿಂದಲೇ ತೆಗೆದುಕೊಳ್ಳುತ್ತಾರೆ. ಇದು ಹೇಗೆ ಸಾಧ್ಯವಾಯಿತು? ಶ್ರದ್ಧೆಯು ಈತನ ಕಲೆಯಲ್ಲಿ ಯಾವ ಕೆಲಸವನ್ನು ಮಾಡಿತು? ಇದೇ ಈ ಹೊತ್ತಿನ ವಿಷಯ.

ಇದನ್ನು ಅಳೆಯುವುದಕ್ಕೆ ಅಳತೆಗೋಲನ್ನು ನಾವು ದೂರದಿಂದ ತರಬೇಕಾಗಿಲ್ಲ. ವಾಡಿಯಿಂದ ಸಿಕಂದರಾಬಾದಿನ ಕಡೆಗೆ ಹೋಗುವ ರೈಲುದಾರಿಯು 1874ರಲ್ಲಿ ತೆರೆದದ್ದು. ಅದರಲ್ಲಿ ಚಿತ್ತಾಪುರವನ್ನು ದಾಟಿ ಸೇಡಮನ್ನು ಮುಟ್ಟುವುದಕ್ಕೆ ಮೊದಲು ಮಳಖೇಡ ರೋಡ್ ಎಂಬ ನಿಲ್ದಾಣ ಸಿಕ್ಕುತ್ತದೆ. ಕಾಗಿಣಾ ನದಿಯ ದಡದಲ್ಲಿರುವ ಆ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕ್ರಿ. ಶ. 850ರ ಸುಮಾರಿಗೆ ಹುಟ್ಟಿದ ಕವಿರಾಜಮಾರ್ಗವು ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲನೆಯ ಗ್ರಂಥ. ಕಾವ್ಯದ ಗುಣದೋಷಗಳನ್ನು ಹೇಳಲು ಹೊರಟ ಈ ಗ್ರಂಥದೊಳಗೆ ಒಂದು ಕಡೆ, ಬೇರೆಯವರ ವಿಚಾರವನ್ನೂ ಬೇರೆಯವರ ಧರ್ಮವನ್ನೂ ತಾಳಿಕೊಳ್ಳುವ ಶಕ್ತಿಯೇ ನಿಜವಾದ ಚಿನ್ನ ಎಂಬ ಅಭಿಪ್ರಾಯವು ಬರುತ್ತದೆ. ಕವಿಗಳಿಗಾಗಿ ಬರೆದ ಪುಸ್ತಕದಲ್ಲಿ ಈ ಮಾತು ಇರುವುದನ್ನು ನಾವು ಗಮನಿಸಬೇಕು.

ಇದಕ್ಕಿಂತಲೂ ಹನ್ನೊಂದು ಶತಮಾನಗಳಷ್ಟು ಹಿಂದಿನ ಸಾಕ್ಷ್ಯವೊಂದು ಇದೇ ಸೀಮೆಯಲ್ಲಿದೆ. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾನದಿಯ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದೊಳಗೆ ಕಾಳಿಕಾಮೂರ್ತಿಗೆ ಪೀಠವಾಗಿದ್ದ ಕಲ್ಲೊಂದು ಅಶೋಕ ಚಕ್ರವರ್ತಿಯ ಶಾಸನವೆಂದು 1980ರ ದಶಕದಲ್ಲಿ ಗೊತ್ತಾಯಿತು. ಅದರಲ್ಲಿರುವ ಶಾಸನಗಳ ಪೈಕಿ ಅಶೋಕನ ಹನ್ನೆರಡನೆಯ ಶಿಲಾಶಾಸನವೂ ಒಂದು. ತನ್ನ ಮತವನ್ನು ಹೊಗಳಿಕೊಂಡು ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹಾನಿಯನ್ನು ತರುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕು ಎಂಬುದು ಆ ಶಾಸನದ ಸಾರ. ಆಡುವುದಕ್ಕಿಂತ ಕೇಳುವುದು ದೊಡ್ಡದೆಂದು ಹೇಳಿದ ರಾಜಶಾಸನಗಳು ಲೋಕದಲ್ಲಿ ಹೆಚ್ಚಾಗಿಲ್ಲ.

ತಾಳಿಕೊಳ್ಳುವುದೆಂದರೆ ಸುಮ್ಮನಿರುವುದಲ್ಲ. ನಮ್ಮ ಶಾಸ್ತ್ರಕಾರರಿಗೆ ಇದು ಚೆನ್ನಾಗಿ ತಿಳಿದಿತ್ತು. ಅವರು ತಮ್ಮ ಸಿದ್ಧಾಂತವನ್ನು ಸ್ಥಾಪಿಸುವುದಕ್ಕೆ ಮೊದಲು ಎದುರಾಳಿಯ ವಾದವನ್ನು ಪೂರ್ವಪಕ್ಷವೆಂದು ವಿಸ್ತಾರವಾಗಿ ಮಂಡಿಸುತ್ತಿದ್ದರು. ಪೂರ್ವಪಕ್ಷವನ್ನು ದುರ್ಬಲಗೊಳಿಸಿ ಹೇಳಿದವನ ಸಿದ್ಧಾಂತಕ್ಕೂ ಬೆಲೆಯಿಲ್ಲವೆಂದು ಪಂಡಿತರ ನಿಯಮ. ಹದಿನಾಲ್ಕನೆಯ ಶತಮಾನದ ಜಯತೀರ್ಥರ ನ್ಯಾಯಸುಧೆಯು ಈ ಕ್ರಮದ ಪರಿಪಕ್ವವಾದ ನಿದರ್ಶನಗಳಲ್ಲಿ ಒಂದು. ಆ ಟೀಕಾಚಾರ್ಯರ ಬೃಂದಾವನವೆಂದು ಭಕ್ತರು ಆರಾಧಿಸುವ ಸ್ಥಳವು ಮಳಖೇಡದಲ್ಲಿಯೇ ಇದೆ. ಈಗ ಹೇಳಿದ ಮೂರನ್ನೂ, ಎಂದರೆ ಪರಧರ್ಮವನ್ನು ತಾಳುವುದು, ಅದನ್ನು ಕಿವಿಗೊಟ್ಟು ಕೇಳುವುದು, ಪೂರ್ವಪಕ್ಷವನ್ನು ಪೂರ್ಣಬಲದಿಂದ ಮಂಡಿಸುವುದು, ಇವನ್ನು ನೆನಪಿನಲ್ಲಿಟ್ಟುಕೊಂಡು ರಷ್ಯಾದ ಕಾದಂಬರಿಕಾರನ ಬಳಿಗೆ ಹೋಗೋಣ.

ದಾಸ್ತೊಯೆವ್‌ಸ್ಕಿಯ ತಂದೆಯು ಮಾಸ್ಕೋವಿನ ಬಡವರ ಆಸ್ಪತ್ರೆಯೊಂದರಲ್ಲಿ ವೈದ್ಯನಾಗಿದ್ದನು. ಮನೆಯಲ್ಲಿ ಮಕ್ಕಳಿಗೆ ಓದು ಕಲಿಸಿದ್ದೇ ಬೈಬಲಿನ ಕಥೆಗಳ ಪುಸ್ತಕದಿಂದ. ಆದರೆ ಯೌವನದಲ್ಲಿ ಆತನು ಸಮಾಜವನ್ನು ಬುಡದಿಂದ ಬದಲಾಯಿಸಬೇಕೆನ್ನುವ ಯುವಕರ ಗೋಷ್ಠಿಯೊಂದನ್ನು ಸೇರಿದನು. ಚರ್ಚನ್ನೂ ಜೀತಪದ್ಧತಿಯನ್ನೂ ಖಂಡಿಸಿ ವಿಮರ್ಶಕ ಬೆಲಿನ್‌ಸ್ಕಿಯು ಬರೆದಿದ್ದ ನಿಷಿದ್ಧವಾದ ಪತ್ರವನ್ನು ಆ ಗೋಷ್ಠಿಯಲ್ಲಿ ಓದಿದನೆಂಬುದು ಆತನ ಮೇಲಿನ ಮುಖ್ಯವಾದ ಆರೋಪ. 1849ರ ಏಪ್ರಿಲಿನಲ್ಲಿ ಸೆರೆ. ಅದೇ ವರ್ಷದ ಡಿಸೆಂಬರ್ 22ರಂದು ಮರಣದಂಡನೆಯೆಂದು ಚೌಕಕ್ಕೆ ಕರೆತಂದು ನಿಲ್ಲಿಸಿದರು. ಸಿಪಾಯಿಗಳು ಬಂದೂಕುಗಳನ್ನು ಎತ್ತಿ ಹಿಡಿದ ಮೇಲೆ ಚಕ್ರವರ್ತಿಯ ಕ್ಷಮೆಯನ್ನು ಓದಿ ಹೇಳಲಾಯಿತು. ಅದೆಲ್ಲವೂ ಹೆದರಿಸುವುದಕ್ಕಾಗಿ ಮೊದಲೇ ಏರ್ಪಡಿಸಿದ ನಾಟಕ. ನಿಜವಾದ ಶಿಕ್ಷೆ ಸೈಬೀರಿಯಾದ ಓಮ್ಸ್ಕಿನಲ್ಲಿ ನಾಲ್ಕು ವರ್ಷದ ಕಠಿಣ ಸಜೆ, ಆ ಬಳಿಕ ಸಾಮಾನ್ಯ ಸಿಪಾಯಿಯ ಸೇವೆ.

ಓಮ್ಸ್ಕಿಗೆ ಹೋಗುವ ದಾರಿಯಲ್ಲಿ ತೊಬೋಲ್ಸ್ಕ್ ಎಂಬ ಊರಿನಲ್ಲಿ, ಹಿಂದೊಮ್ಮೆ ದಂಗೆಯೆದ್ದು ಗಡೀಪಾರಾದವರ ಪತ್ನಿಯರು ಈ ಕೈದಿಗಳನ್ನು ಕಂಡು ಹೊಸ ಒಡಂಬಡಿಕೆಯ ಪ್ರತಿಯೊಂದನ್ನು ಕೊಟ್ಟರು. ಸೆರೆಮನೆಯಲ್ಲಿ ಇಟ್ಟುಕೊಳ್ಳಲು ಅಪ್ಪಣೆಯಿದ್ದ ಗ್ರಂಥ ಅದೊಂದೇ. ಆ ಪ್ರತಿಯನ್ನು ದಾಸ್ತೊಯೆವ್‌ಸ್ಕಿಯು ಸಾಯುವ ತನಕ ಬಿಡಲಿಲ್ಲ. ತನ್ನ ಕೊನೆಯ ದಿನದಂದು ಅದನ್ನೇ ಹೆಂಡತಿಯ ಕೈಯಲ್ಲಿ ತೆರೆಯಿಸಿ ಓದಿಸಿಕೊಂಡನು. ಸೆರೆಮನೆಯಲ್ಲಿ ಆತನು ಕಳ್ಳರ, ಕೊಲೆಗಡುಕರ ನಡುವೆ ಬಾಳಿದನು. ಅವರಲ್ಲಿ ಆರ್ಥೊಡಾಕ್ಸ್ ಕ್ರೈಸ್ತರಿದ್ದರು, ಹಳೆಯ ಆಚಾರವನ್ನು ಬಿಡದ ಬೇರೆ ಪಂಗಡದವರಿದ್ದರು, ಮುಸಲ್ಮಾನರಿದ್ದರು, ಒಬ್ಬ ಯೆಹೂದ್ಯನಿದ್ದನು. 1860ರಿಂದ 1862ರವರೆಗೆ ಪ್ರಕಟವಾದ 'ಸತ್ತವರ ಮನೆ'ಯಲ್ಲಿ ಇವರೆಲ್ಲರ ಚಿತ್ರವಿದೆ. ಅಲಿಯೆಂಬ ಮುಸಲ್ಮಾನ ತರುಣನಿಗೆ ಹೊಸ ಒಡಂಬಡಿಕೆಯ ಮೂಲಕ ರಷ್ಯನ್ ಓದನ್ನು ಕಲಿಸುವ ಪ್ರಸಂಗವು ಆ ಪುಸ್ತಕದ ಮೃದುವಾದ ಪುಟಗಳಲ್ಲಿ ಒಂದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಸೆರೆಯ ಕಷ್ಟದಲ್ಲಿ ಆತನ ಸಂಶಯವೆಲ್ಲ ಕರಗಿ ಶ್ರದ್ಧೆಯು ನೆಲೆಯಾಯಿತೆಂದು ಕೆಲವರು ಬರೆಯುತ್ತಾರೆ. ಆತನ ಮಾತೇ ಬೇರೆ. ಬಿಡುಗಡೆಯಾದ 1854ರಲ್ಲಿ, ತೊಬೋಲ್ಸ್ಕಿನಲ್ಲಿ ಉಪಕಾರ ಮಾಡಿದ್ದ ಫೊನ್ವೀಜಿನಾ ಎಂಬ ಮಹಿಳೆಗೆ ಬರೆದ ಪತ್ರದಲ್ಲಿ, ತಾನು ಈ ಕಾಲದ ಮಗು, ಸಂದೇಹದ ಮಗು, ಗೋರಿಯ ಮುಚ್ಚಳ ಬೀಳುವ ತನಕ ಹಾಗೆಯೇ ಇರುವೆನೆಂದು ಹೇಳಿಕೊಂಡನು. ನಂಬಬೇಕೆನ್ನುವ ದಾಹವು ತನ್ನಲ್ಲಿ ಹೆಚ್ಚಿದಷ್ಟೂ ವಿರುದ್ಧವಾದ ತರ್ಕಗಳೂ ಹೆಚ್ಚುತ್ತವೆಂದನು. ಕ್ರಿಸ್ತನು ಸತ್ಯದ ಹೊರಗಿದ್ದಾನೆಂದು ಯಾರಾದರೂ ಸಾಧಿಸಿ ತೋರಿಸಿದರೂ ತಾನು ಸತ್ಯವನ್ನು ಬಿಟ್ಟು ಕ್ರಿಸ್ತನ ಬಳಿಯಲ್ಲಿಯೇ ನಿಲ್ಲುವೆನೆಂಬ ವಿಚಿತ್ರವಾದ ಮಾತನ್ನೂ ಸೇರಿಸಿದನು. ಆದಕಾರಣ ಆತನ ಶ್ರದ್ಧೆ ಪ್ರಶ್ನೆಗಳು ಮುಗಿದ ಮೇಲೆ ಬಂದ ನೆಮ್ಮದಿಯಲ್ಲ. ಪ್ರಶ್ನೆಗಳ ನಡುವೆ ಹಿಡಿದುಕೊಂಡ ಕೈ. ಪೂರ್ವಪಕ್ಷವನ್ನು ಆತನು ಬೇರೆಯವರಿಂದ ಎರವಲಾಗಿ ತರಲಿಲ್ಲ. ಅದು ಆತನ ಎದೆಯೊಳಗೇ ಇದ್ದಿತು.

ಇನ್ನು ಕಾದಂಬರಿಗಳನ್ನು ನೋಡೋಣ. 1866ರಲ್ಲಿ ಪ್ರಕಟವಾದ 'ಅಪರಾಧ ಮತ್ತು ಶಿಕ್ಷೆ'ಯಲ್ಲಿ ರಾಸ್ಕೋಲ್ನಿಕೋವನೆಂಬ ವಿದ್ಯಾರ್ಥಿಯು, ಲೋಕಕ್ಕೆ ಉಪಯೋಗವಿಲ್ಲದ ಬಡ್ಡಿಯ ಮುದುಕಿಯನ್ನು ಕೊಂದರೆ ತಪ್ಪೇನು ಎಂದು ತರ್ಕ ಮಾಡಿ ಕೊಲ್ಲುತ್ತಾನೆ; ಆ ಕ್ಷಣದಲ್ಲಿ ಒಳಗೆ ಬಂದ ಮುದುಕಿಯ ತಂಗಿ ಲಿಜಾವೆತಾಳನ್ನೂ ಕೊಲ್ಲಬೇಕಾಗುತ್ತದೆ. ಮುಂದೆ ಅವನು ಮನೆಮಂದಿಯ ಹೊಟ್ಟೆಗಾಗಿ ಮೈಮಾರಿಕೊಂಡ ಸೋನ್ಯಾಳ ಕೋಣೆಗೆ ಹೋಗಿ, ಸತ್ತ ಲಾಜರನು ಎದ್ದು ಬಂದ ಪ್ರಸಂಗವನ್ನು ಓದಿ ಹೇಳೆಂದು ಒತ್ತಾಯ ಮಾಡುತ್ತಾನೆ. ಮೋಂಬತ್ತಿಯ ಬೆಳಕಿನಲ್ಲಿ ಅವಳು ಓದುವ ಆ ಪುಸ್ತಕವನ್ನು ಅವಳಿಗೆ ಕೊಟ್ಟವಳು ಲಿಜಾವೆತಾ! ಧರ್ಮದ ಮಾತು ಇಲ್ಲಿ ಪೀಠದ ಮೇಲೆ ಕುಳಿತ ಗುರುವಿನ ಬಾಯಿಂದ ಬರುವುದಿಲ್ಲ. ಕೊಲೆಯಾದವಳ ಪುಸ್ತಕವನ್ನು, ಊರು ಹೀನಳೆಂದು ಬಗೆದವಳು, ಕೊಂದವನಿಗೆ ಓದುತ್ತಾಳೆ. ಅವನು ನಂಬಿದನೇ? ಗ್ರಂಥಕರ್ತನು ಅವಸರ ಮಾಡುವುದಿಲ್ಲ. ಕಥೆಯ ಕೊನೆಯಲ್ಲಿ, ಸೈಬೀರಿಯಾದ ಸೆರೆಯಲ್ಲಿ, ಅದೇ ಪುಸ್ತಕವು ಅವನ ತಲೆದಿಂಬಿನ ಕೆಳಗೆ ಇದೆ. ಅವನಿನ್ನೂ ಅದನ್ನು ತೆರೆದಿಲ್ಲ.

1867ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಆತನು ಹೋಲ್ಬೈನ್ ಎಂಬ ಚಿತ್ರಕಾರನು ಬರೆದ ಮೃತ ಕ್ರಿಸ್ತನ ಚಿತ್ರವನ್ನು ನೋಡಿದನು. ಕಣ್ಣು ತೆರೆದೇ ಇರುವ, ಕೈಕಾಲು ಕಪ್ಪಿಟ್ಟ, ಕೊಳೆಯತೊಡಗಿದ ಹೆಣದ ಚಿತ್ರ ಅದು. ಅದರೆದುರು ಆತನು ನಿಂತ ರೀತಿಯನ್ನು ಕಂಡು ಅಪಸ್ಮಾರ ಬಂದೀತೆಂದು ಹೆಂಡತಿಯು ಹೆದರಿ ಅಲ್ಲಿಂದ ಕರೆದುಕೊಂಡು ಹೋದಳು. ಇಂಥ ಚಿತ್ರವನ್ನು ಭಕ್ತನು ಮರೆಯಲು ಯತ್ನಿಸಬಹುದಾಗಿತ್ತು. ದಾಸ್ತೊಯೆವ್‌ಸ್ಕಿಯು ಅದರ ಪ್ರತಿಯೊಂದನ್ನು 1868ರಲ್ಲಿ ಪ್ರಕಟವಾಗತೊಡಗಿದ 'ಮೂಢ' ಎಂಬ ಕಾದಂಬರಿಯೊಳಕ್ಕೆ ತಂದು ರೊಗೋಜಿನನ ಮನೆಯ ಗೋಡೆಗೆ ತೂಗುಹಾಕಿದನು. ಈ ಚಿತ್ರವನ್ನು ನೋಡಿದವನ ನಂಬಿಕೆಯೇ ಹೋಗಬಹುದೆಂದು ಆ ಕಥೆಯಲ್ಲಿ ಹೇಳುವವನು ಬೇರೆ ಯಾರೂ ಅಲ್ಲ, ಕ್ರಿಸ್ತನಂಥ ಸಾಧುವೆಂದು ಚಿತ್ರಿತನಾದ ಮಿಶ್ಕಿನ್ ರಾಜಕುಮಾರನೇ. ಕ್ಷಯದಿಂದ ಸಾಯುತ್ತಿರುವ ಇಪ್ಪೊಲಿತನೆಂಬ ಹುಡುಗನು, ಪ್ರಕೃತಿಯ ಕುರುಡು ಯಂತ್ರವು ಇಂಥವನನ್ನೂ ಅರೆದು ನುಂಗಿತೆಂದರೆ ಉಳಿದವರ ಪಾಡೇನು ಎಂದು ಕೇಳುತ್ತಾನೆ. ಅವನಿಗೆ ಯಾರೂ ಸರಿಯಾದ ಉತ್ತರವನ್ನು ಕೊಡುವುದಿಲ್ಲ.

ಈ ಕ್ರಮವು ಪೂರ್ಣತೆಗೆ ಬಂದದ್ದು 1879 ಮತ್ತು 1880ರಲ್ಲಿ ಬಿಡಿಬಿಡಿಯಾಗಿ ಪ್ರಕಟವಾದ ಕೊನೆಯ ಕಾದಂಬರಿ 'ಕರಮಜೋವ್ ಸಹೋದರರು' ಎಂಬುದರಲ್ಲಿ. ಅದಕ್ಕೆ ಹಿಂದಿನ ಒಂದು ದುಃಖವನ್ನು ಹೇಳಬೇಕು. 1878ರ ಮೇ ತಿಂಗಳಿನಲ್ಲಿ ದಾಸ್ತೊಯೆವ್‌ಸ್ಕಿಯ ಕಿರಿಯ ಮಗ ಅಲ್ಯೋಶನು ಮೂರು ವರ್ಷ ತುಂಬುವುದಕ್ಕೆ ಮೊದಲೇ ಅಪಸ್ಮಾರದಿಂದ ತೀರಿಕೊಂಡನು. ಅಪಸ್ಮಾರವು ತಂದೆಯ ಕಾಯಿಲೆ. ಮಗುವಿಗೆ ಅದು ತನ್ನಿಂದಲೇ ಬಂದಿತೆಂಬ ಕೊರಗು ಆತನನ್ನು ತಿಂದಿತು. ಮುಂದಿನ ತಿಂಗಳು ಯುವ ತತ್ತ್ವಜ್ಞಾನಿ ವ್ಲದೀಮಿರ್ ಸೊಲೊವ್ಯೋವನೊಡನೆ ಓಪ್ತಿನಾ ಎಂಬ ಮಠಕ್ಕೆ ಹೋಗಿ ಅಲ್ಲಿಯ ಹಿರಿಯ ಸಾಧು ಆಮ್ವ್ರೋಸಿಯನ್ನು ಕಂಡು ಬಂದನು. ಕಾದಂಬರಿಯ ಮೊದಲ ಭಾಗದಲ್ಲಿಯೇ, ಮೂರು ವರ್ಷ ತುಂಬದ ಮಗನನ್ನು ಕಳೆದುಕೊಂಡ ಬಡ ಹೆಂಗಸೊಬ್ಬಳು ಜೋಸಿಮನೆಂಬ ವೃದ್ಧಸಾಧುವಿನ ಎದುರು ಅಳುತ್ತಾಳೆ. ಮಗುವಿನ ಹೆಸರು ಅಲೆಕ್ಸೇಯ್; ಅಲ್ಯೋಶನೆಂಬುದು ಅದರ ಮುದ್ದಿನ ರೂಪ. ಸಾಧುವು ಅವಳಿಗೆ ಅಳಬೇಡವೆಂದು ಹೇಳುವುದಿಲ್ಲ. ಅಳು, ಬಹಳ ಕಾಲ ಅಳುವೆ, ಕೊನೆಗೆ ಆ ಅಳುವೇ ಶಾಂತಿಯಾಗುತ್ತದೆ ಎಂಬರ್ಥದ ಮಾತನ್ನು ಹೇಳುತ್ತಾನೆ. ಓಪ್ತಿನಾದ ಸಾಧುವಿನಿಂದ ತನ್ನ ಪತಿಯು ಕೇಳಿಬಂದ ಮಾತುಗಳಿವು ಎಂದು ಪತ್ನಿ ಆನ್ನಾ ಬರೆದಿಟ್ಟಿದ್ದಾಳೆ.

ಮಗುವನ್ನು ಕಳೆದುಕೊಂಡ ತಂದೆಯು ದೇವರ ಮೇಲಿನ ಮೊಕದ್ದಮೆಯನ್ನು ಮಕ್ಕಳ ಕಷ್ಟದಿಂದಲೇ ಆರಂಭಿಸುತ್ತಾನೆ. ಐದನೆಯ ಪರ್ವದಲ್ಲಿ ವಿದ್ಯಾವಂತನಾದ ಇವಾನನು ಮಠದಲ್ಲಿ ಶಿಷ್ಯನಾಗಿರುವ ತಮ್ಮ ಅಲ್ಯೋಶನಿಗೆ ಒಂದಾದ ಮೇಲೊಂದರಂತೆ ಪ್ರಸಂಗಗಳನ್ನು ಹೇಳುತ್ತಾನೆ. ಜೀತದವರ ಮಗನೊಬ್ಬನು ಆಡುತ್ತ ಎಸೆದ ಕಲ್ಲು ಜನರಲನ ಬೇಟೆನಾಯಿಯ ಕಾಲಿಗೆ ತಗಲಿತು. ಅದಕ್ಕಾಗಿ ಆ ಜನರಲನು ತಾಯಿಯ ಕಣ್ಣೆದುರಿನಲ್ಲಿಯೇ ಹುಡುಗನ ಮೇಲೆ ನಾಯಿಗಳನ್ನು ಬಿಟ್ಟನು. ಇಂಥವುಗಳನ್ನು ಹೇಳಿದ ಮೇಲೆ ಇವಾನನು ಕೇಳುತ್ತಾನೆ: ದೊಡ್ಡವರು ಪಾಪ ಮಾಡಿದರು, ಫಲ ಉಣ್ಣುತ್ತಾರೆ, ಒಪ್ಪಿದೆ, ಮಕ್ಕಳು ಮಾಡಿದ್ದೇನು? ಮುಂದೊಂದು ದಿನ ಎಲ್ಲವೂ ಸಮನಾಗಿ, ತಾಯಿಯು ಆ ಜನರಲನನ್ನು ಆಲಿಂಗಿಸಿ, ಲೋಕವೆಲ್ಲ ಭಗವಂತನ ನ್ಯಾಯವನ್ನು ಹಾಡಿ ಹೊಗಳುವುದಾದರೂ ಅಷ್ಟು ಬೆಲೆ ಕೊಟ್ಟು ಆ ಉತ್ಸವವನ್ನು ನೋಡಲು ನನಗೆ ಮನಸ್ಸಿಲ್ಲ. ದೇವರಿಲ್ಲವೆಂದು ನಾನು ಹೇಳುವುದಿಲ್ಲ, ನನಗೆ ಬಂದ ಪ್ರವೇಶದ ಚೀಟಿಯನ್ನು ವಿನಯದಿಂದ ಹಿಂದಕ್ಕೆ ಕೊಡುತ್ತೇನೆ, ಅಷ್ಟೆ. ಇವಾನನ ವಾದದ ತಾತ್ಪರ್ಯ ಇದು. ಪೂರ್ವಜನ್ಮದ ಕರ್ಮವೆಂದು ನಾವು ಉತ್ತರ ಹೇಳಬಹುದು. ಆದರೆ ಆ ತಾಯಿಯ ಎದುರಿಗೆ ನಿಂತು ಅದನ್ನು ಹೇಳಬಲ್ಲೆವೇ ಎಂದು ಕೇಳಿಕೊಂಡರೆ, ಇವಾನನ ಪ್ರಶ್ನೆಯು ನಮಗೂ ತಗಲುತ್ತದೆ.

ಇದು ಬರಿಯ ಕಲ್ಪನೆಯಲ್ಲ. ಈ ಪ್ರಸಂಗಗಳನ್ನು ವೃತ್ತಪತ್ರಿಕೆ ಮುಂತಾದ ಮೂಲಗಳಿಂದ ಆರಿಸಿಕೊಂಡೆನೆಂದು ದಾಸ್ತೊಯೆವ್‌ಸ್ಕಿಯು ಪತ್ರಿಕೆಯ ಸಂಪಾದಕವರ್ಗಕ್ಕೆ ತಿಳಿಸಿದನು. ಅಷ್ಟೇ ಅಲ್ಲ, ಮಕ್ಕಳ ದುಃಖಕ್ಕೆ ಅರ್ಥವಿಲ್ಲವೆನ್ನುವ ಇವಾನನ ಈ ವಾದವನ್ನು ಖಂಡಿಸಲಾಗದೆಂದೇ ತಾನು ಭಾವಿಸುವೆನೆಂದೂ ಬರೆದನು. ಆಸ್ತಿಕನಾದ ಗ್ರಂಥಕರ್ತನು ನಾಸ್ತಿಕವಾದಕ್ಕೆ ಇದಕ್ಕಿಂತ ಹೆಚ್ಚಿನ ಗೌರವವನ್ನು ಕೊಡುವುದುಂಟೆ? ಆಸ್ಥಾನದಲ್ಲಿ ಪ್ರಭಾವಶಾಲಿಯಾಗಿದ್ದ ಆತನ ಮಿತ್ರ ಪೊಬೆದೊನೊಸ್ತ್ಸೆವನು ಇದನ್ನು ಓದಿ, ಇದಕ್ಕೆ ನಿನ್ನ ಉತ್ತರವೆಲ್ಲಿ ಎಂದು ಆತಂಕಪಟ್ಟನು. ಮುಂದಿನ ಆರನೆಯ ಪರ್ವವೇ ಉತ್ತರವೆಂದೂ, ಅದು ಸಾಕಾದೀತೋ ಇಲ್ಲವೋ ಎಂದು ತಾನೇ ನಡುಗುತ್ತಿರುವೆನೆಂದೂ, ಉತ್ತರವು ಮಾತಿಗೆ ಪ್ರತಿಮಾತಾಗಿರದೆ ಚಿತ್ರರೂಪವಾಗಿರುವುದೆಂದೂ ಆತನು 1879ರ ಆಗಸ್ಟಿನಲ್ಲಿ ಮರುಬರೆದನು.

ಇಲ್ಲಿಯೇ ಶಾಸ್ತ್ರಕ್ಕೂ ಕಾದಂಬರಿಗೂ ಇರುವ ಅಂತರವು ಕಾಣುತ್ತದೆ. ಶಾಸ್ತ್ರದಲ್ಲಿ ಪೂರ್ವಪಕ್ಷವು ಎಷ್ಟೇ ಬಲವಾಗಿದ್ದರೂ ಮುಂದಿನ ಪುಟದಲ್ಲಿ ಯುಕ್ತಿಯಿಂದ ಅದರ ಖಂಡನೆ ಆಗಲೇಬೇಕು. ಕಾದಂಬರಿಯಲ್ಲಿ ವಾದಕ್ಕೆ ಉತ್ತರವನ್ನು ಬಾಳಿನಿಂದ ಕೊಡಬೇಕು. ಇವಾನನು ಹೇಳುವ ಕಥೆಯಲ್ಲಿ, ಹದಿನಾರನೆಯ ಶತಮಾನದ ಸ್ಪೇನಿಗೆ ಮರಳಿ ಬಂದ ಕ್ರಿಸ್ತನನ್ನು ವೃದ್ಧ ಮತಾಧಿಕಾರಿಯೊಬ್ಬನು ಸೆರೆಹಿಡಿದು ರಾತ್ರಿಯೆಲ್ಲ ಆಕ್ಷೇಪಿಸುತ್ತಾನೆ. ಮನುಷ್ಯರಿಗೆ ಸ್ವಾತಂತ್ರ್ಯ ಬೇಡ, ಅನ್ನವೂ ಪವಾಡವೂ ಅಧಿಕಾರವೂ ಸಾಕು ಎನ್ನುತ್ತಾನೆ. ಕ್ರಿಸ್ತನು ಒಂದು ಮಾತನ್ನೂ ಆಡದೆ ಮುದುಕನನ್ನು ಚುಂಬಿಸುತ್ತಾನೆ. ಕಥೆ ಮುಗಿದ ಮೇಲೆ ಅಲ್ಯೋಶನೂ ವಾದಿಸದೆ ಅಣ್ಣನನ್ನು ಚುಂಬಿಸುತ್ತಾನೆ. ತರ್ಕಕ್ಕೆ ಇದು ಸೋಲು; ಆದರೆ ಅಣ್ಣನು ಒಂಟಿಯಾಗಲಿಲ್ಲ.

ಅಲ್ಯೋಶನ ಶ್ರದ್ಧೆಯನ್ನೂ ಗ್ರಂಥಕರ್ತನು ಸುಲಭವಾಗಿ ಗೆಲ್ಲಲು ಬಿಡುವುದಿಲ್ಲ. ಗುರು ಜೋಸಿಮನು ತೀರಿಕೊಂಡಾಗ ಪವಾಡವಾದೀತೆಂದು ಊರೆಲ್ಲ ಕಾದಿರುತ್ತದೆ. ಆದರೆ ಸಾಧುವಿನ ದೇಹವು ಒಂದು ದಿನ ಕಳೆಯುವುದರೊಳಗೇ ದುರ್ಗಂಧ ಬೀರತೊಡಗುತ್ತದೆ. ಬಾಸೆಲಿನ ಚಿತ್ರವು ಕೇಳಿದ ಪ್ರಶ್ನೆಯೇ ಇಲ್ಲಿ ಮತ್ತೆ ಬಂದಿದೆಯೆಂದು ಓದುಗನಿಗೆ ಹೊಳೆಯದಿರದು. ಅಲ್ಯೋಶನು ಕಂಗೆಟ್ಟು ಮಠವನ್ನು ಬಿಟ್ಟು ಗ್ರೂಶೆಂಕಾ ಎಂಬ, ಊರಿನ ಬಾಯಿಗೆ ಸಿಕ್ಕಿದ ಹೆಣ್ಣಿನ ಮನೆಗೆ ಹೋಗುತ್ತಾನೆ. ಇವನನ್ನು ಕೆಡಿಸಬೇಕೆಂದಿದ್ದ ಅವಳೇ, ಗುರುವು ಸತ್ತ ಸುದ್ದಿಯನ್ನು ಕೇಳಿ ಮರುಗುತ್ತಾಳೆ. ಆ ಮರುಕದಿಂದ ಅವನಿಗೆ ಬಲ ಬರುತ್ತದೆ. ಪವಾಡವು ಹೆಣದ ಮೇಲೆ ಆಗಲಿಲ್ಲ, ಹೆಣ್ಣೊಬ್ಬಳ ಮನಸ್ಸಿನಲ್ಲಿ ಆಯಿತು. ಅವನು ಮಠಕ್ಕೆ ಹಿಂದಿರುಗಿ, ರಾತ್ರಿ ಬಯಲಿಗೆ ಬಂದು, ನೆಲಕ್ಕೆ ಬಿದ್ದು ಮಣ್ಣನ್ನು ಚುಂಬಿಸುತ್ತಾನೆ.

ಹಾಗಾದರೆ ನಾಯಿಗಳ ಬಾಯಿಗೆ ಬಿದ್ದ ಹುಡುಗನಿಗೆ ಉತ್ತರವೇನು? ಕಾದಂಬರಿಯು ಇಲ್ಯೂಶನೆಂಬ ಇನ್ನೊಬ್ಬ ಹುಡುಗನನ್ನು ತರುತ್ತದೆ. ತಂದೆಗಾದ ಅವಮಾನಕ್ಕಾಗಿ ಅವನು ಒಬ್ಬನೇ ಆರು ಹುಡುಗರೊಡನೆ ಕಲ್ಲಿನ ಕಾಳಗವಾಡುತ್ತಾನೆ, ದುಷ್ಟನೊಬ್ಬನ ಮಾತು ಕೇಳಿ ನಾಯಿಯೊಂದಕ್ಕೆ ಗುಂಡುಸೂಜಿಯಿಟ್ಟ ರೊಟ್ಟಿಯನ್ನು ಹಾಕಿ ಆಮೇಲೆ ಪಶ್ಚಾತ್ತಾಪದಿಂದ ಬೇಯುತ್ತಾನೆ, ಕ್ಷಯದಿಂದ ಸಾಯುತ್ತಾನೆ. ಅವನೇಕೆ ಸತ್ತನೆಂದು ಯಾರೂ ಅರ್ಥ ಹೇಳುವುದಿಲ್ಲ. ಆದರೆ ಅವನಿಗೆ ಕಲ್ಲೆಸೆದಿದ್ದ ಹುಡುಗರೇ ಅಲ್ಯೋಶನ ಪ್ರಯತ್ನದಿಂದ ಅವನ ಹಾಸಿಗೆಯ ಸುತ್ತಲೂ ಕೂಡುತ್ತಾರೆ, ಶವವನ್ನು ಹೊರುತ್ತಾರೆ, ಅವನನ್ನು ಮರೆಯುವುದಿಲ್ಲವೆಂದು ಮಾತು ಕೊಡುತ್ತಾರೆ. ಇವಾನನ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯುತ್ತದೆ. ಅದರ ಪಕ್ಕದಲ್ಲಿ ಈ ಮಕ್ಕಳು ನಿಲ್ಲುತ್ತಾರೆ. ಯಾವುದು ಭಾರವೆಂದು ತೂಗುವ ಕೆಲಸ ಓದುಗನದು.

ಈ ಗುಣವನ್ನು ಕಂಡೇ ಮಿಖಾಯಿಲ್ ಬಖ್ತಿನ್ ಎಂಬ ರಷ್ಯನ್ ವಿದ್ವಾಂಸನು 1929ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ದಾಸ್ತೊಯೆವ್‌ಸ್ಕಿಯ ಕಾದಂಬರಿಗಳು ಹಲವು ಸ್ವತಂತ್ರ ಸ್ವರಗಳ ಮೇಳವೆಂದೂ, ಯಾವ ಸ್ವರವೂ ಇನ್ನೊಂದರ ಕೆಳಗೆ ಅಡಗುವುದಿಲ್ಲವೆಂದೂ ವಿವರಿಸಿದನು. ಸಮಕಾಲೀನನಾದ ಟಾಲ್‌ಸ್ಟಾಯಿಯನ್ನು ನೆನೆದರೆ ಅಂತರವು ತಿಳಿಯುತ್ತದೆ. ಟಾಲ್‌ಸ್ಟಾಯಿಯೂ ಮಹಾಶ್ರದ್ಧಾವಂತ, ಚರ್ಚಿನ ಆಚಾರವನ್ನು ಖಂಡಿಸಿ 1901ರಲ್ಲಿ ಅದರಿಂದ ಬಹಿಷ್ಕೃತನಾದ ಧೀರ. ಆದರೆ 1899ರ 'ಪುನರುತ್ಥಾನ'ವು ಮುಗಿಯುವ ಹೊತ್ತಿಗೆ ಗ್ರಂಥಕರ್ತನು ತಾನೇ ಮುಂದೆ ಬಂದು ಸುವಾರ್ತೆಯ ಸಾರವನ್ನು ಬೋಧಿಸುತ್ತಾನೆ. ಎದುರುಪಕ್ಷಕ್ಕೆ ಅಲ್ಲಿ ನಿಲ್ಲಲು ನೆಲೆಯಿಲ್ಲ. ದಾಸ್ತೊಯೆವ್‌ಸ್ಕಿಯು ತನ್ನ ನಂಬಿಕೆಯನ್ನು ಎದುರುಪಕ್ಷದ ಮುಂದೆ ಬರಿಗೈಯಲ್ಲಿ ನಿಲ್ಲಿಸಿದನು.

ಇಷ್ಟು ಹೊಗಳಿದ ಮೇಲೆ ಒಂದು ಕಹಿಯಾದ ಸಂಗತಿಯನ್ನು ಮರೆಮಾಚುವುದು ನ್ಯಾಯವಲ್ಲ. ಇದೇ ದಾಸ್ತೊಯೆವ್‌ಸ್ಕಿಯು 1870ರ ದಶಕದಲ್ಲಿ 'ಲೇಖಕನ ದಿನಚರಿ' ಎಂಬ ಪತ್ರಿಕೆಯನ್ನು ನಡೆಸಿದನು. ಅದರಲ್ಲಿ ಯೆಹೂದ್ಯರ ವಿಷಯವಾಗಿ ಆತನು ಬರೆದದ್ದು ದ್ವೇಷದಿಂದ ಕೂಡಿದೆ. ಕೆಥೋಲಿಕರನ್ನು ಕುರಿತ ಮಾತು ಕಟುವಾದದ್ದು. ತುರ್ಕರ ಮೇಲಿನ ಯುದ್ಧಕಾಲದಲ್ಲಿ ಕಾನ್‌ಸ್ಟಾಂಟಿನೋಪಲ್ ರಷ್ಯಾದ್ದೇ ಆಗಬೇಕೆಂದು ಸಾರಿದನು. ಹೃದಯ ಅದೇ, ಧರ್ಮ ಅದೇ, ಲೇಖನಿಯೂ ಅದೇ. ಹಾಗಿರುವಾಗ ಕಾದಂಬರಿಯಲ್ಲಿ ವಿಶಾಲವಾದದ್ದು ಪತ್ರಿಕೆಯಲ್ಲಿ ಸಂಕುಚಿತವಾದದ್ದೇಕೆ? ಪತ್ರಿಕೆಯಲ್ಲಿ ಆತನೊಬ್ಬನೇ ಮಾತನಾಡಿದನು. ಕಾದಂಬರಿಯಲ್ಲಿ ಎದುರಾಳಿಗೆ ಹೆಸರು ಕೊಟ್ಟು, ತಾಯಿತಂದೆಯರನ್ನು ಕೊಟ್ಟು, ದುಃಖವನ್ನು ಕೊಟ್ಟು, ಅವನ ಮಾತನ್ನು ಪೂರ್ತಿ ಕೇಳಬೇಕಾಯಿತು. ಶ್ರದ್ಧೆಯು ತನ್ನಷ್ಟಕ್ಕೇ ಮನುಷ್ಯನನ್ನು ಉದಾರನನ್ನಾಗಿ ಮಾಡುವುದಿಲ್ಲ. ಕೇಳುವ ಅಭ್ಯಾಸವು ಅದರ ಜೊತೆಗೆ ಸೇರಿದಾಗ ಮಾಡುತ್ತದೆ. ಸನ್ನತಿಯ ಕಲ್ಲು ಹೇಳುವುದೂ ಇದನ್ನೇ ಅಲ್ಲವೆ?

ಕನ್ನಡದ ಕಾದಂಬರಿಗಳಲ್ಲಿಯೂ ಈ ಪರೀಕ್ಷೆಗೆ ನಿಲ್ಲುವಂಥವುಂಟು. ಶಿವರಾಮ ಕಾರಂತರು ರೂಢಿಯ ಆಸ್ತಿಕ್ಯವನ್ನು ಒಪ್ಪದವರು. ಆದರೆ 1933ರ 'ಚೋಮನ ದುಡಿ'ಯಲ್ಲಿ, ಬೇಸಾಯಕ್ಕೆ ತುಂಡುನೆಲ ಸಿಕ್ಕೀತೆಂಬ ಆಸೆಯಿಂದ ಪಾದ್ರಿಯ ಮತವನ್ನು ಸೇರಲು ಹೊರಟ ಚೋಮನು, ತನ್ನ ಪಂಜುರ್ಲಿ ದೈವವನ್ನು ಬಿಡಲಾರದೆ ಹಿಂದಿರುಗುತ್ತಾನೆ. ವಿಚಾರವಾದಿಯಾದ ಗ್ರಂಥಕರ್ತರು ಅವನನ್ನು ನೋಡಿ ನಗುವುದಿಲ್ಲ. ಆ ಬಡವನ ಭಕ್ತಿಗೆ ಅದರ ಪೂರ್ತಿ ತೂಕವನ್ನು ಕೊಡುತ್ತಾರೆ. ರಷ್ಯಾದ ಆಸ್ತಿಕನು ನಾಸ್ತಿಕನ ಮಾತನ್ನು ಕೇಳಿದಂತೆ ಕನ್ನಡದ ಸಂದೇಹಿಯು ಭಕ್ತನ ಮಾತನ್ನು ಕೇಳಿದರು. 1965ರಲ್ಲಿ ಪ್ರಕಟವಾದ ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ ಮಾಧ್ವ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರಿಗೆ ಎದುರುಪಕ್ಷವಾದ ನಾರಣಪ್ಪನು ಕಥೆಯ ಆರಂಭದಲ್ಲಿಯೇ ಸತ್ತಿರುತ್ತಾನೆ. ಅವನ ಶವಕ್ಕೆ ಸಂಸ್ಕಾರ ಮಾಡುವವರು ಯಾರೆಂದು ಆಚಾರ್ಯರು ಧರ್ಮಗ್ರಂಥಗಳಲ್ಲಿ ಹುಡುಕುತ್ತಾರೆ, ಮಾರುತಿಯ ಪ್ರಸಾದಕ್ಕಾಗಿ ಕಾಯುತ್ತಾರೆ, ಉತ್ತರ ಬರುವುದಿಲ್ಲ. ಸತ್ತವನ ವಾದವು ಬದುಕಿದ್ದವನ ವಾದಕ್ಕಿಂತ ಗಟ್ಟಿಯಾಗಿ ಅವರೊಳಗೆ ಮಾತನಾಡತೊಡಗುತ್ತದೆ. ಪೂರ್ವಪಕ್ಷವನ್ನು ಮಂಡಿಸಿ ಖಂಡಿಸುವುದನ್ನು ಕಲಿತ ವಿದ್ವಾಂಸನು ಅದನ್ನು ತನ್ನ ಬಾಳಿನಲ್ಲಿ ಎದುರಿಸಬೇಕಾಗಿ ಬಂದಾಗ ಏನಾಗುತ್ತದೆಂಬುದೇ ಆ ಕೃತಿಯ ವಸ್ತು.

ಆದುದರಿಂದ ಮೊದಲಿಗೆ ಹೇಳಿದ ಚರ್ಚೆಯಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಕಾದಂಬರಿಕಾರನು ಆಸ್ತಿಕನೋ ನಾಸ್ತಿಕನೋ ಎಂಬುದಕ್ಕಿಂತ, ತಾನು ಒಪ್ಪದವನ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲನೇ ಎಂಬುದನ್ನು ಕೇಳಬೇಕು. ತನ್ನ ಸ್ತುತಿಯು ಸಂದೇಹದ ದೊಡ್ಡ ಕುಲುಮೆಯನ್ನು ಹಾದುಬಂದದ್ದೆಂದು ದಾಸ್ತೊಯೆವ್‌ಸ್ಕಿಯು ಕೊನೆಗಾಲದ ಟಿಪ್ಪಣಿಯೊಂದರಲ್ಲಿ ಬರೆದುಕೊಂಡನು. ಪರಧರ್ಮವನ್ನು ತಾಳುವ ಗುಣವನ್ನು ಮಾನ್ಯಖೇಟದ ಗ್ರಂಥವು ಚಿನ್ನಕ್ಕೆ ಹೋಲಿಸಿದ್ದು ಇಲ್ಲಿ ನೆನಪಿಗೆ ಬರುತ್ತದೆ. ಚಿನ್ನದ ಪರೀಕ್ಷೆ ಕುಲುಮೆಯಲ್ಲಿಯೇ ಅಷ್ಟೆ.

ಶಹಾಬಾದಿನ ಕಲ್ಲುಗಣಿಗಳಲ್ಲಿ, ವಾಡಿಯ ಕಾರ್ಖಾನೆಯಲ್ಲಿ, ಸೇಡಂ, ಚಿತ್ತಾಪುರ, ಚಿಂಚೋಳಿಗಳ ಪೇಟೆಗಳಲ್ಲಿ ಬೇರೆ ಬೇರೆ ದೇವರಿಗೆ ಕೈಮುಗಿಯುವವರು ಹೆಗಲಿಗೆ ಹೆಗಲು ತಾಗಿಸಿ ದುಡಿಯುತ್ತಾರೆ. ಜಾತ್ರೆಗೂ ಉರುಸಿಗೂ ಕೂಡಿ ಹೋಗುವ ವಾಡಿಕೆಯೂ ಈ ಸೀಮೆಯಲ್ಲುಂಟು. ಕೂಡಿ ದುಡಿಯುವುದು ಒಂದು ಸಾಧನೆ. ಪಕ್ಕದವನು ಏನನ್ನು ಏಕೆ ನಂಬುತ್ತಾನೆ, ಏಕೆ ನಂಬುವುದಿಲ್ಲವೆಂದು ಕೇಳಿ ತಿಳಿಯುವುದು ಅದಕ್ಕಿಂತ ಕಠಿಣವಾದ ಇನ್ನೊಂದು ಸಾಧನೆ. ಎರಡನೆಯದಕ್ಕೆ ಒಳ್ಳೆಯ ಕಾದಂಬರಿಯ ಓದು ನೆರವಾಗುತ್ತದೆ. 'ಕರಮಜೋವ್ ಸಹೋದರರು' ದೊಡ್ಡ ಗ್ರಂಥ; ಒಮ್ಮೆಗೇ ಪೂರ್ತಿಯಾಗಿ ಓದಲು ಬಿಡುವಿಲ್ಲದವರು ಐದನೆಯ ಪರ್ವವನ್ನೂ ಆರನೆಯ ಪರ್ವವನ್ನೂ ಜೊತೆಯಾಗಿ ಓದಬೇಕು. ಐದನ್ನು ಮಾತ್ರ ಓದಿದ ನಾಸ್ತಿಕನೂ ಆರನ್ನು ಮಾತ್ರ ಓದಿದ ಆಸ್ತಿಕನೂ ಅರ್ಧ ಪುಸ್ತಕವನ್ನೇ ಓದಿದಂತೆ.